ಎದಿಬ್ಯಾನಿ ಅಂದ್ರ ಯಾವ ಬ್ಯಾನಿ

ಹುನಗುಂದ ಬಸ್‌ಸ್ಟ್ಯಾಂಡಿನ್ಯಾಗ ಆ ನೀಲಿ ಐಸ್ ಡಬ್ಬಿ ಹಿಡಕೊಂಡು ನಿಂತ್ರ ಯಾರರೆ ಒಬ್ರು ಬಂದು ಕೇಳಾವ್ರ: "ಅಕ್ಕಾರ, ಕುಲ್ಫಿ ಹ್ಯಾಂಗ ಕೊಟ್ರಿ?" ನಾ "ಕುಲ್ಫಿ ಅಲ್ರಿ, ರಕ್ತ ಐತಿ, ಬೇಕೇನು?" ಅಂತಿದ್ದೆ. ಮುಂದ ಬಸ್ಸಿನ್ಯಾಗ ನನ್ನ ಬಾಜೂಕ ಯಾರೂ ಕುಂದರತಿರಲಿಲ್ಲ. ಕಿಡಕಿ ಸೀಟು ನನಗ, ಪಕ್ಕದ ಸೀಟು ಡಬ್ಬಿಗೆ.

ಈಗ ಆ ಡಬ್ಬಿ ಬಾಗಲಕೋಟಿಯ ನಮ್ಮ ದವಾಖಾನಿಯ ಅಟ್ಟದ ಮ್ಯಾಲೆ ಧೂಳ ತಿಂತೈತಿ. ರಕ್ತ ಒಯ್ಯಾಕ ಕೊರಿಯರಿನಾಂವ ಬಾಗಲಾಕ ಬರ್ತಾನ. ನಾ ವಿದ್ಯಾಗಿರಿಯ ಮನಿಯಿಂದ ಅಲ್ಲಿಗೆ ಹೋಗಿ ಪಂಖಾದ ಕೆಳಗ ಕುಂತು, ವಿಡಿಯೋ ಕಾಲಿನ್ಯಾಗ ಮಂದಿಗೆ ತಿಳಿಸಿ ಹೇಳ್ತೇನಿ. ಸೌಕರ್ಯ ಆಗೇತಿ, ಇಲ್ಲ ಅನ್ನೂದಿಲ್ಲ. ಆದ್ರ ಕಮತಗಿ, ಅಮೀನಗಡ, ಹುನಗುಂದ, ಇಳಕಲ್ ಅಂತ ಕಂಡಕ್ಟರ್ ಒದರೂದು ಕಿವ್ಯಾಗ ಇನ್ನೂ ಐತಿ. ಆ ಓಡಾಟ ನೆನಪಾದ್ರ ಜೀವಕ್ಕ ಒಂಥರಾ ಆಗತೈತಿ, ಅದರಾಗೂ ಇಳಕಲ್‌ನ ಒಬ್ಬಾಕಿ ಟೀಚರದು.

ನನ್ನ ಹುದ್ದಿ ಹೆಸರು ವಂಶವಾಹಿ ಸಲಹೆಗಾರ್ತಿ. ಹೇಳಾಕ ನಾಲಿಗಿ ಹೊರಳೂದಿಲ್ಲಂತ ಮಂದಿ "ರಕ್ತದಕ್ಕಾರು" ಅಂತ ಕರೀತಿದ್ರು. ನಮ್ಮ ಕ್ಯಾನ್ಸರ್ ವಿಭಾಗದ ಡಾಕ್ಟರ್ ಮೇಡಂ ಆವಾಗ ಒಂದು ಅಧ್ಯಯನ ಹಚ್ಚಿದ್ರು. ಇಬ್ರು ಹೆಣಮಕ್ಕಳಿಗೆ ಸ್ತನದಾಗ ಒಂದ ಅಳತಿ ಗಂಟು, ಒಂದ ನಮೂನಿ ಆಪರೇಶನ್, ಒಂದ ಔಷಧ. ಒಬ್ಬಾಕಿ ಮೊಮ್ಮಕ್ಕಳನ್ನ ಆಡಿಸ್ತಾಳ, ಇನ್ನೊಬ್ಬಾಕಿ ಲಗೂನ ಹೋಗಿಬಿಡ್ತಾಳ. ಯಾಕ? ಒಂದಿಷ್ಟು ಉತ್ತರ ಗಂಟಿನ್ಯಾಗ ಇರತೈತಿ. ಇನ್ನೊಂದಿಷ್ಟು, ಹುಟ್ಟುವಾಗ ತಾಯಿ-ತಂದಿ ಕಡಿಂದ ಬಂದ ಜೀನಿನ್ಯಾಗ ಇರತೈತಿ. ಅದನ್ನ ಹುಡಕೂದು ಮೇಡಂ ಕೆಲಸ, ರಕ್ತ ತರೂದು ನನ್ನ ಕೆಲಸ.

ರಕ್ತಕ್ಕಿಂತ ಮೊದಲ ವಂಶದ ನಕಾಶಿ ತಗೀಬೇಕು. ಗಂಡಸಿಗೆ ಚೌಕ, ಹೆಂಗಸಿಗೆ ವರ್ತುಳ, ತೀರಿದವರ ಮ್ಯಾಲೆ ಒಂದು ಓರೆ ಗೆರಿ, ಕ್ಯಾನ್ಸರ್ ಆದವರಿಗೆ ಒಳಗ ಕರಿ ಬಣ್ಣ. ಪುಸ್ತಕದಾಗ ಇದು ಗಿಡದ ಟೊಂಗಿಯಂಗ ಚಂದಾಗಿ ಹರಡಿರತೈತಿ. ನಮ್ಮ ಕಡಿ ಹಂಗ ಆಗೂದ ಇಲ್ಲ. ಸ್ವಾದರಮಾವನ್ನ ಮದಿವಿ ಆದಾಕಿ ಒಬ್ಬಾಕಿ ಬಂದ್ಲಂದ್ರ ಮುಗೀತು, ಗೆರಿ ಸುತ್ತ ಹೊಡದು ಬಂದು ತನಗ ತಾನ ಗಂಟು ಬೀಳತೈತಿ. ರಬ್ಬರ್ ಸವದ್ವು, ನನ್ನ ತಾಳ್ಮಿನೂ ಸವೀತು.

ಟೀಚರ್ ಇಳಕಲ್‌ನ್ಯಾಗ ಸಣ್ಣ ಮಕ್ಕಳ ಸಾಲಿಗೆ ಕಲಸಾಕಿ. ವಯಸ್ಸು ಐವತ್ತು ದಾಟಿತ್ತು. ಒಂದು ಸ್ತನ ತಗದು, ಕಿಮೋ ಮುಗದು, ರೇಡಿಯೇಶನ್ ನಡದಿತ್ತು. ಕಂಕುಳಿನ ಗಂಟುಗಳಿಗೂ ರೋಗ ಹಬ್ಬಿತ್ತು, ಅಂದ್ರ ತಿರುಗಿ ಬರೂ ಅಂಜಿಕಿ ಭಾಳ. ಗಂಡ ತೀರಿದ ಮ್ಯಾಲೆ ತಂದೀನ ತನ್ನ ಹತ್ರಾನ ಇಟ್ಕೊಂಡಿದ್ಲು. ಆ ತಂದಿನೂ ಸಾಲಿ ಮಾಸ್ತರ್, ರಿಟೈರ್ ಆದಾಂವ, ಮಾತಿಗೆ ಕುಂತ್ರ ಏಳೂ ಪೈಕಿ ಅಲ್ಲ.

ನಾ ನಕಾಶಿ ಹಾಳಿ ಹರವಿದೆ. ಆಜೂಬಾಜೂ ಮನಿಯಿಂದ ಮಗ್ಗದ ಸಪ್ಪಳ ಬರ್ತಿತ್ತು. ಟೀಚರ್ ತಾಯಿ ಕಡಿ ನೋಡಿದ್ರ ಎಲ್ಲಾ ಸ್ವಚ್ಛ, ಯಾರಿಗೂ ಏನೂ ಇಲ್ಲ. ತಂದಿ ಕಡಿ ಕೇಳಿದೆ. ಮಾಸ್ತರ್ ಚಷ್ಮಾ ಸರಿ ಮಾಡ್ಕೊಂಡು ಹೇಳಿದ್ರು, "ನಮ್ಮವ್ವ ಎದಿಬ್ಯಾನಿಲೆ ಹೋದ್ಲ್ರಿ. ನಾ ಆವಾಗ ಸಾಲಿ ಕಲಿಯೂ ಹುಡುಗ. ಹಾರ್ಟ್ ನಮ್ಮ ಮನಿತನದಾಗ ಐತ್ರಿ, ಅದಕ್ಕ ನಾ ಹುಷಾರ್ ಇರ್ತೇನಿ."

ಹುಷಾರ್ ಅಂದ್ರ ಎಂಥಾ ಹುಷಾರ್! ವರ್ಷಾ ತಪ್ಪದ ಇಸಿಜಿ ತಗಸ್ತಿದ್ರು. ಎದಿಯ ಆ ಗೆರಿ ಹಾಳಿ ಎಲ್ಲಾ ಒಂದು ಚೀಲದಾಗ ಇಟ್ಟಿದ್ರು, ತಗದು ತೋರಿಸಿದ್ರು. ಮುಂಜಾನಿ ವಾಕಿಂಗ್. ಎಣ್ಣಿ ವರ್ಜ್ಯ. ಟೀಚರ್ ನಕ್ಕೋತ ಹೇಳಿದ್ಲು, "ಅಪ್ಪ ಮಿರ್ಚಿ ಭಜಿ ಅಂಗಡಿ ಮುಂದ ಹಾಯುವಾಗ ಮೂಗು ಮುಚ್ಕೋತಾನ್ರಿ." ಮಾಸ್ತರ್ ಬಿಡ್ಲಿಲ್ಲ, ನನ್ನ ಕಡಿ ತಿರುಗಿ, "ನೀವೂ ಎಣ್ಣಿ ಕಡಿಮಿ ಮಾಡ್ರಿ, ಸ್ವಲ್ಪ ದಪ್ಪ ಅದೀರಿ" ಅಂದ್ರು. ನನಗ ಪಿತ್ತ ನೆತ್ತಿಗೇರ್ತು, ಆದ್ರ ಏನ್ ಮಾಡೂದು, ಹಿರ್ಯಾರು. ಅಜ್ಜಿಯ ವರ್ತುಳದ ಮ್ಯಾಲೆ ಓರೆ ಗೆರಿ ಎಳದು, ಬಾಜೂಕ "ಹೃದಯ" ಅಂತ ಬರದೆ.

ಹೊಂಟಾಗ ಟೀಚರ್ ಬಾಗಲಾತನಕ ಬಂದ್ಲು. ದನಿ ಸಣ್ಣದು ಮಾಡಿ ಕೇಳಿದ್ಲು, "ಅಕ್ಕಾರ, ನನ್ನ ಜೋಡಿ ವಾರ್ಡಿನ್ಯಾಗ ಇದ್ದಾಕಿ ಒಬ್ಬಾಕಿ ಕೂಲಿಗೆ ಹೋಗಾಕತ್ಯಾಳ, ಇನ್ನೊಬ್ಬಾಕಿ ಹೋದ ಅಮಾಸಿಗೆ ತೀರಿದ್ಲು. ನಾ ಯಾವ ಕಡಿ ಅಂತ ನಿಮ್ಮ ರಕ್ತದ ಟೆಸ್ಟ್ ಹೇಳತೈತೇನ್ರಿ? ಮಗಳ ಬಿ.ಎಡ್. ಮುಗಿಯೂತನಕರೆ ಇರಬೇಕ್ರಿ ನಾ."

"ಪೂರಾ ಹೇಳೂದಿಲ್ಲ. ಆದ್ರ ಯಾವ ಔಷಧ ಕೊಟ್ರ ನಿಮಗ ಉಪಯೋಗ ಅನ್ನೂದು ಹೇಳಬಹುದು" ಅಂದೆ. ಖರೇ ಮಾತು ಅಷ್ಟ. ಜೀನಿನ್ಯಾಗ ಒಂದು ನಮೂನಿ ದೋಷ ಇದ್ದವರಿಗೆ ಮಾತ್ರ ಹತ್ತೂ ಒಂದು ಗುಳಿಗಿ ಬಂದಿತ್ತು. ಅದು ಹತ್ತಿದ್ರ ರೋಗ ತಿರುಗಿ ಬರೂದು ಕಡಿಮಿ ಆಗತೈತಿ. ಆದ್ರ ರೇಡಿಯೇಶನ್ ಮುಗದ ಮ್ಯಾಲೆ ಭಾಳ ತಡಾ ಮಾಡಂಗಿಲ್ಲ, ಸುರು ಆಗಬೇಕು.

ಬಾಗಲಕೋಟಿಗೆ ಬಂದು ಮೇಡಂ ಮುಂದ ನಕಾಶಿ ಇಟ್ಟೆ. ಅವರು ನೋಡಿ ಬಾಜೂಕ ಸರಿಸಿದ್ರು.

"ಆಗೂದಿಲ್ಲ. ಟೆಸ್ಟಿನ ಕಿಟ್ ಉಳದಿದ್ದು ಕೈಬೆರಳಿಲೆ ಎಣಿಸೂವಷ್ಟು. ಐವತ್ತು ದಾಟಿದವರಿಗೆ ಈ ಟೆಸ್ಟ್ ಮಾಡಬೇಕಂದ್ರ ರಕ್ತಸಂಬಂಧದಾಗ ಇನ್ನೊಬ್ಬಾಕಿಗೆ ಸ್ತನದ್ದೋ ಅಂಡಾಶಯದ್ದೋ ಕ್ಯಾನ್ಸರ್ ಇರಬೇಕು. ಇಲ್ಲಿ ಏನೈತಿ? ಅಜ್ಜಿಗೆ ಹಾರ್ಟ್."

"ಮೇಡಂ, ಆಕಿ ಕಂಕುಳಿನ ಗಂಟು ನೋಡ್ರಿ..."

"ನೋಡೇನಿ. ನಿಯಮ ಕಿಟ್ ಕೊಟ್ಟವರದು, ನಾ ಮಾಡಿದ್ದಲ್ಲ."

ನನಗ ಸಿಟ್ಟು ಬಂದ್ರ ಮೂಗಿನ ತುದಿ ಕೆಂಪಾಗತೈತಿ, ಮೇಡಂಗೂ ಗೊತ್ತದು. "ಮೂಗು ಆಮ್ಯಾಲೆ ಕೆಂಪ ಮಾಡ್ಕೊ" ಅಂದ್ರು, "ಮೊದಲ ನಕಾಶಿ ಪೂರಾ ಮಾಡು. ಮಾಸ್ತರಗೆ ಒಬ್ಬಾಕಿ ಅಕ್ಕ ಅದಾಳ ಅಂತ ಬರದಿ, ಆಕೀನ ನೋಡ್ಲೇ ಇಲ್ಲ."

ಅದೂ ಖರೇನ. ಮಾಸ್ತರ್ ಅಕ್ಕ ಕಮತಗಿಯೊಳಗ ಇದ್ಲು, ಮಗನ ಮನಿಯಾಗ. ಎಂಬತ್ತರ ಹತ್ರ ಬಂದಾಕಿ. ಮನಿತನದವರೆಲ್ಲಾ "ಅತ್ತಿ" ಅಂತಿದ್ರು, ನಾನೂ ಹಂಗ ಅಂದೆ. ಪಡಸಾಲಿಯೊಳಗ ಶೇಂಗಾ ಸುಲಕೋತ ಕುಂತಿದ್ಲು. ನನಗೂ ಒಂದು ಬುಟ್ಟಿ ಮುಂದ ಸರಿಸಿ, "ಸುಮ್ನ ಯಾಕ ಕುಂದರ್ತಿ, ಸುಲಿ" ಅಂದ್ಲು. ಒಂದು ಕೈಯಾಗ ಪೆನ್ಸಿಲ್, ಒಂದು ಕೈಯಾಗ ಶೇಂಗಾ, ಹಂಗ ಕೇಳಕೋತ ಹೊಂಟೆ.

"ಅತ್ತೀ, ನಿಮ್ಮವ್ವಗ ಹಾರ್ಟ್ ಇತ್ತಂತಲ್ಲ. ದಮ್ಮು ಬರ್ತಿತ್ತೇನ್ರಿ? ಕಾಲಿಗೆ ಬಾವು?"

"ಹಾರ್ಟ್? ಯಾರ ಹೇಳಿದ್ರು?"

"ನಿಮ್ಮ ತಮ್ಮಾರು. ಎದಿಬ್ಯಾನಿ ಅಂದ್ರು."

"ಹೂಂ, ಎದಿಬ್ಯಾನಿನ ಅದು. ಭಾಳ ತ್ರಾಸ ತಗೊಂಡ್ಲು ನಮ್ಮವ್ವ. ಕಡೀಕ ಕಡೀಕ ಕುಬಸಾ ತೊಡೂದ ಬಿಟ್ಟಬಿಟ್ಟಿದ್ಲು."

ನನ್ನ ಕೈಯಾಗಿನ ಶೇಂಗಾ ಹಂಗ ಉಳೀತು. ನಾ ದರ್ಜಿ ಮಗಳು. ನಮ್ಮ ಅಬ್ಬಾಂದು ಹೊಲಿಗಿ ಅಂಗಡಿ ಮೊದಲ ಹಳೇ ಬಾಗಲಕೋಟಿಯೊಳಗ ಇತ್ತು. ಡ್ಯಾಮಿನ ನೀರಾಗ ಓಣಿ ಮುಳುಗಡಿ ಆದ ಮ್ಯಾಲೆ ಮಷೀನ್ ಹೊತಗೊಂಡು ನವನಗರಕ್ಕ ಬಂದ್ವಿ. ಕುಬಸದ ಖಣ ಕತ್ತರಿಸೂದು ನೋಡಕೋತನ ನಾ ದೊಡ್ಡಾಕಿ ಆದೆ. ಆ ಕಾಲದ ಹೆಣಮಗಳು ಜ್ವರಾ ಬಂದ್ರೂ ಕುಬಸ ಬಿಡಾಕಿ ಅಲ್ಲ, ಬಾಣಂತಿ ಆದ್ರೂ ಬಿಡಾಕಿ ಅಲ್ಲ. ಹಾರ್ಟಿನವರು ಯಾಕ ಬಿಡ್ತಾರ?

"ಅತ್ತೀ, ಯಾಕ ಬಿಟ್ಲ್ರಿ ಕುಬಸ?"

ಅತ್ತಿ ಬಾಗಲಾದ ಕಡಿ ನೋಡಿದ್ಲು. ಮಗ ಅಂಗಡಿಗೆ ಹೋಗಿದ್ದ, ಮನಿಯಾಗ ಗಂಡಸರು ಯಾರೂ ಇದ್ದಿಲ್ಲ. ಆಮ್ಯಾಲೆ ತನ್ನ ಸೆರಗಿನ ಮ್ಯಾಲೆ, ಎಡಗಡಿ, ಕೈ ಇಟ್ಲು.

"ತೊಡಾಕ ಬರ್ತಿದ್ದಿಲ್ಲವಾ. ಇಲ್ಲೊಂದು ಗಂಟು ಆಗಿತ್ತು. ಕಲ್ಲಿನಂಗ ಗಟ್ಟಿ. ಮುಂದ ಒಡೀತು. ಬೇವಿನ ಎಲಿ ಕುದಿಸಿದ ನೀರಿಲೆ ನಾನ ತೊಳೀತಿದ್ದೆ. ನಾರ್ತಿತ್ತು, ಮಗಳ, ಏನ್ ಹೇಳ್ಲಿ. ಅದಕ್ಕ ಬಾಜೂಕ ಸವನ ಊದಿನಕಡ್ಡಿ ಹಚ್ಚಿ ಇಡ್ತಿದ್ದೆ. ತಮ್ಮ ಸಾಲಿಯಿಂದ ಬರೂ ಹೊತ್ತಿಗೆ ಅವ್ವ ಸೆರಗು ಹೊಚ್ಕೊಂಡು ನಕ್ಕೋತ ಕುಂದರಾಕಿ."

"ತಮ್ಮಾರಿಗೆ ಇಷ್ಟ ವರ್ಷಾದ್ರೂ ಯಾಕ ಹೇಳ್ಲಿಲ್ರಿ?"

"ಗಂಡ ಹುಡುಗಗ ಅದನ್ನ ಯಾವ ಬಾಯಿಲೆ ಹೇಳ್ಲಿ? ಗಂಡಸರ ಕಿವಿಗೆ ಹಾಕಬ್ಯಾಡ ಅಂತ ಅವ್ವ ನನ್ನ ಕೈಮ್ಯಾಲೆ ಕೈ ಇಟ್ಟು ಮಾತು ತಗೊಂಡಿದ್ಲು. ಏನಾಗೇತಿ ಅಂತ ತಮ್ಮ ಕೇಳಿದ. ಎದಿಬ್ಯಾನಿ ಅಂದೆ. ಸುಳ್ಳೇನ ಹೇಳ್ಲಿಲ್ಲಲ್ಲ ನಾ?"

ಸುಳ್ಳಲ್ಲ ಬಿಡ್ರಿ. ಸ್ತನ ಅನ್ನೂದು ಪುಸ್ತಕದ ಮಾತು, ಮನಿಯಾಗ ಯಾರೂ ಅನ್ನೂದಿಲ್ಲ. ಮೊಲಿ ಅನ್ನಾಕ ನಾಚಿಕಿ. ಎರಡೂ ಬಿಟ್ರ ಉಳಿಯೂದು ಎದಿ. ಹೆಣಮಕ್ಕಳು ಎದಿ ಅಂದ್ರ ಒಂದು, ಗಂಡಸರು ಎದಿ ಅಂತ ಕೇಳಿಸ್ಕೊಂಡ್ರ ಇನ್ನೊಂದು. ಆ ಒಂದು ಮಾತಿನ ಮ್ಯಾಲೆ ಒಬ್ಬಾಂವ ಜೀವಮಾನಾ ಪೂರ್ತಿ ಇಸಿಜಿ ತಗಸ್ಕೋತ, ಭಜಿ ವಾಸನಿಗೆ ಮೂಗು ಮುಚ್ಕೋತ ಕಳದಿದ್ದ.

"ಅತ್ತೀ, ಇದನ್ನ ಡಾಕ್ಟರ್ ಮುಂದ ಹೇಳ್ತೀರೇನ್ರಿ? ಟೀಚರ್ ಜೀವದ ಪ್ರಶ್ನಿ ಐತಿ."

"ಡಾಕ್ಟರು ಗಂಡೋ ಹೆಣ್ಣೋ?"

"ಹೆಣ್ಣು."

"ಹಂಗಾರ ಹಚ್ಚ ಫೋನು."

ಮೇಡಂ ಮೊದಲ ನನ್ನ ಮ್ಯಾಲೇನ ಹರಿಹಾಯ್ದರು. "ಕುಬಸ ತೊಡಲಿಲ್ಲ ಅನ್ನೂದನ್ನ ನಾ ಯಾವ ಕಾಲಮ್ಮಿನ್ಯಾಗ ಬರೀಲಿ?" ನಾನೂ ಬಿಡಲಿಲ್ಲ, "ನನ್ನ ಬೈಯೂದು ಆಮ್ಯಾಲೆ, ಮೊದಲ ಅತ್ತಿ ಮಾತು ಕೇಳ್ರಿ" ಅಂತ ಫೋನ್ ಅತ್ತಿ ಕೈಯಾಗ ಕೊಟ್ಟೆ. ಎಲ್ಲಿ ಆಗಿತ್ತು, ಎಷ್ಟು ಬೆಳೀತು, ಚರ್ಮ ಹ್ಯಾಂಗಾತು, ಕೈ ಬಾತಿತ್ತೋ ಇಲ್ಲೋ ಅಂತ ಮೇಡಂ ಒಂದೊಂದ ಕೇಳಿದ್ರು. ಅತ್ತಿ ಒಂದೊಂದ ಹೇಳಿದ್ಲು. "ಕಂಕುಳಾಗ ಲಿಂಬಿಕಾಯಷ್ಟು ಇತ್ತ್ರಿ, ಕೈ ಎತ್ತಾಕ ಬರ್ತಿದ್ದಿಲ್ಲ, ಹೆರಳು ನಾನ ಹಾಕ್ತಿದ್ದೆ." ಅಷ್ಟಂದು ಅತ್ತಿ ಫೋನ್ ತಿರುಗಿ ನನ್ನ ಕೈಯಾಗ ಕೊಟ್ಲು. ಮೇಡಂ ನನಗ ಹೇಳಿದ್ರು, "ನಾಳಿ ಕಿಟ್ ತಗೊಂಡು ಇಳಕಲ್‌ಗೆ ಹೋಗು."

ಅತ್ತಿ ಮಾತ್ರ ನನ್ನ ಕೈ ಹಿಡದು ಹೇಳಿದ್ಲು, "ತಮ್ಮಗ ಹೇಳಬ್ಯಾಡ." ನಾ ಹೂಂ ಅಂದೆ. ಟೀಚರಗೆ ಮಾತ್ರ ಹೇಳಬೇಕಾಗತೈತಿ ಅಂದೆ. "ಆಕಿ ಹೆಣ್ಣು, ಹೇಳು" ಅಂದ್ಲು.

ಮರುದಿನ ಟೀಚರ್ ರಕ್ತ ತಗೊಂಡೆ. ನೇರಳಿ ಮುಚ್ಚಳದ ನಳಿಗಿ. ತುಂಬಿದ ಕೂಡ್ಲೆ ಮೆಲ್ಲಕ ಮ್ಯಾಲ ಕೆಳಗ ಮಾಡಬೇಕು, ಝಾಡಿಸಿದ್ರ ರಕ್ತದ ಕಣ ಒಡೀತಾವ, ಸುಮ್ನ ಬಿಟ್ರ ಗಡ್ಡಿ ಕಟ್ಟತೈತಿ. ಐಸಿಗೆ ನೇರ ತಾಗಬಾರ್ದಂತ ನಡುವ ಅರಿವಿ ಸುತ್ತಿ ಡಬ್ಬಿಯೊಳಗ ಇಟ್ಟೆ. ಬಿಸಲು ಅಂದ್ರ ಬಿಸಲು. ಬಸ್ಸು ಅಮೀನಗಡದಾಗ ಕೆಟ್ಟು ನಿಂತಿತು. ಡ್ರೈವರ್ ಇಳದು ಎಂಜಿನ್ ನೋಡಿ ತಲಿ ಕೆರಕೊಂಡ. ಡಬ್ಬಿ ತಗದು ನೋಡಿದ್ರ ಐಸಿನ ಚೀಲ ಮೆತ್ತಗಾಗ್ಯಾವ. ಈ ರಕ್ತ ಕೆಟ್ರ ಮತ್ತೊಂದು ಕಿಟ್ ಕೊಡ್ರಿ ಅಂತ ಮೇಡಂ ಮುಂದ ಯಾವ ಮಾರಿ ಹೊತ್ತು ನಿಂದರಲಿ?

ಕರದಂಟಿನ ಅಂಗಡಿಗಳ ಸಾಲಿನ್ಯಾಗ ಒಂದು ಸೋಡಾ ಅಂಗಡಿ ಇತ್ತು. ಓಡಿದೆ. "ಅಣ್ಣಾ, ಐಸ್ ಕೊಡ್ರಿ ಲಗೂನ." ಆಂವ ಡಬ್ಬಿ ನೋಡಿ, "ಮೀನ ಏನ್ರಿ?" ಅಂದ. "ಒಬ್ಬಾಕಿ ಹೆಣಮಗಳ ಜೀವ ಐತಿ ಇದರಾಗ" ಅಂದೆ. ನಗೂದು ಬಿಟ್ಟ. ತನ್ನ ಡಬರಿಯೊಳಗಿನ ಐಸೆಲ್ಲಾ ಕುಟ್ಟಿ ಪ್ಲಾಸ್ಟಿಕ್ ಚೀಲಕ್ಕ ತುಂಬಿ ಕೊಟ್ಟ, ಮ್ಯಾಲಿಂದ ಒದ್ದಿ ಗೋಣಿತಟ್ಟು ಸುತ್ತಿದ. ಮುಂದ ನಾ ಆ ಕಡಿ ಹ್ವಾದಾಗೊಮ್ಮೆ, "ಹೆಣಮಗಳು ಆರಾಮ ಅದಾಳಿಲ್ರಿ?" ಅಂತ ಕೇಳಾಂವ. ಹೆಸರು, ಊರು ಏನೂ ಗೊತ್ತಿಲ್ಲ ಪಾಪ ಆಂವಗ.

ರಿಪೋರ್ಟ್ ಬರೂತನಕ ನನಗ ಊಟ ಸೇರ್ಲಿಲ್ಲ. ರೇಡಿಯೇಶನ್ ಮುಗದು ದಿನಾ ಹೊಂಟಿದ್ವು. ಒಂದಿನ ಮೇಡಂ ಕರದು ಕಂಪ್ಯೂಟರ್ ಪರದಾ ಮ್ಯಾಲೆ ತೋರಿಸಿದ್ರು. ದೋಷ ಇತ್ತು. ತಂದಿ ಕಡಿಂದಾನ ಬಂದಿರಬೇಕು, ಅತ್ತಿ ಹೇಳಿದ್ದಕ್ಕ ಸರಿ ಕೂಡಿತು. ದೋಷ ಸಿಕ್ಕಿತಂತ ಖುಷಿ ಪಡೂ ಮಂದಿ ಜಗತ್ತಿನ್ಯಾಗ ಯಾರರೆ ಇದ್ರ ಅದು ನಾವಿಬ್ರ. ಖುಷಿ ಪಟ್ಟು, ಮತ್ತ ಅದಕ್ಕ ನಾಚಿಕಿ ಪಟ್ವಿ.

ಟೀಚರಗೆ ನಾ ಅಬ್ಬಾನ ಹೊಲಿಗಿ ಭಾಷಾದಾಗ ತಿಳಿಸಿ ಹೇಳಿದೆ. ನಮ್ಮ ಮೈಯಾಗ ದಿನಾ ಜೀನು ಹರೀತಿರ್ತಾವ, ಹರದದ್ದನ್ನ ಕೂಡಿಸಿ ಹೊಲದು ರಫೂ ಮಾಡೂ ಕೆಲಸಗಾರ್ರೂ ಒಳಗ ಇರ್ತಾರ. ನಿಮ್ಮಲ್ಲಿ ಅಂಥಾ ಒಬ್ಬ ರಫೂಗಾರನ ಕೈ ಹುಟ್ಟಿದಾಗಿಂದ ಕುಂದು. ಅದಕ್ಕ ಗಂಟು ಬಂತು. ಆದ್ರ ಆ ಗಂಟಿಗೂ ಆ ರಫೂಗಾರ ಇಲ್ಲ. ಈ ಗುಳಿಗಿ ಉಳದ ಇನ್ನೊಬ್ಬ ರಫೂಗಾರನ್ನೂ ತಡೀತೈತಿ. ಆವಾಗ ರೋಗದ ಕಣ ಹರದದ್ದು ಹರದಂಗ ಉಳದು ಸಾಯ್ತಾವ. ಟೀಚರ್ ಸಾಲಿ ಮಕ್ಕಳಂಗ ಕೇಳಿ, "ಅಂದ್ರ ನನ್ನ ಕುಂದ ನನಗ ದಾರಿ ತೋರಿಸಿತೇನ್ರಿ?" ಅಂದ್ಲು. ಗುಳಿಗಿ ಸುರು ಆತು. ಅದ ದೋಷದಿಂದ ಅಂಡಾಶಯಕ್ಕೂ ಅಂಜಿಕಿ ಇತ್ತು, ಮೇಡಂ ಆಪರೇಶನ್ ಮಾಡಿಸಿ ಅದನ್ನೂ ತಗಸಿದ್ರು.

ಅಷ್ಟಕ್ಕ ಮುಗೀಲಿಲ್ಲ. ಟೀಚರ್ ಮಗಳಿಗೆ, ಮಾಸ್ತರ್ ಉಳದ ಮಕ್ಕಳಿಗೆ, ಅತ್ತಿ ಮಕ್ಕಳಿಗೆ, ಎಲ್ಲಾರಿಗೂ ಹೇಳಬೇಕು. ಮಾಸ್ತರಗೆ ತಿಳೀದಂಗ ಅದನ್ನ ಹ್ಯಾಂಗ ಹೇಳೂದು? ಹೇಳಬೇಕಂದ್ರ ಅಜ್ಜಿ ಮಾತು ಬರಬೇಕು. ನಾ ಅತ್ತಿಗೆ ಕೊಟ್ಟ ಮಾತು ಮುರಿಯೂದು ನನ್ನಿಂದ ಆಗೂದಿಲ್ಲ, ಟೀಚರ್ ಹೇಳೂದೂ ಸರಿ ಅಲ್ಲ. ಹಂಗಂತ ಬಿಟ್ರ ನಾಳಿ ಇನ್ನೊಬ್ಬಾಕಿ ಸೆರಗು ಹೊಚ್ಕೊಂಡು ಕುಂದರ್ತಾಳ. ಕಮತಗಿಗೆ ಹೋದೆ. ಇದ್ದದ್ದು ಇದ್ದಂಗ ಅತ್ತಿ ಮುಂದ ಇಟ್ಟೆ, ಒತ್ತಾಯ ಮಾಡಲಿಲ್ಲ.

ಅತ್ತಿ ಎದ್ದು ಗೂಟದಾಗಿನ ಕೈಚೀಲ ತಗೊಂಡ್ಲು. "ಅವ್ವಗ ಕೊಟ್ಟ ಮಾತು ಅವ್ವನ ಮೊಮ್ಮಕ್ಕಳಿಗಿಂತ ದೊಡ್ಡದೇನವಾ? ನಡಿ, ಬಸ್ಸು ಎಷ್ಟೊತ್ತಿಗೈತಿ?"

ಇಳಕಲ್‌ನ್ಯಾಗ ಮಾಸ್ತರ್ ಅಕ್ಕನ್ನ ನೋಡಿ ಹಿಗ್ಗಿದ್ರು. ಕಾಲಿಗೆ ನೀರು ಕೊಟ್ರು. ಚಾ ಆಗೂತನಕ ಅತ್ತಿ ತಡೀಲಿಲ್ಲ.

"ಲೇ ತಮ್ಮಾ, ಅವ್ವಗ ಆಗಿದ್ದು ಹಾರ್ಟ್ ಅಲ್ಲೋ."

ಎಲ್ಲಾ ಹೇಳಿದ್ಲು. ಗಂಟು, ಬೇವಿನ ನೀರು, ಕುಬಸ. ತಮ್ಮನ ಮಾರಿ ನೋಡದ ನೆಲಾ ನೋಡಕೋತ ಹೇಳಿದ್ಲು. ಟೀಚರ್ ಬಾಗಲಾದಾಗ ಚಾದ ತಾಟು ಹಿಡಕೊಂಡು ಹಂಗ ನಿಂತಿದ್ಲು. ಮಾಸ್ತರ್ ಚಷ್ಮಾ ತಗದ್ರು. ಒರಸಿದ್ರು. ಹಾಕ್ಕೋಳ್ಳಿಲ್ಲ.

"ಆ ಊದಿನಕಡ್ಡಿ...?"

"ಹೂಂನೋ, ವಾಸನಿ ಬರಬಾರ್ದಂತ."

"ನಾ ಪೂಜಾ ಅಂತ ತಿಳಿದಿದ್ದೆ" ಅಂದ್ರು ಮಾಸ್ತರ್. "ಅವ್ವ ಯಾವತ್ತೂ ಪೂಜಾದಾಗ ಇರ್ತಾಳಂತ ಸಾಲಿಯಾಗ ಎಲ್ಲಾರ ಮುಂದ ಹೇಳಕೋತ ತಿರಗ್ಯಾಡ್ತಿದ್ದೆ." ಆ ವಯಸ್ಸಿನ ಮನಶ್ಯಾ ಹುಡುಗನಂಗ ಅಳೂದು ನೋಡಿ ನನಗೂ ತಡಿಯಾಕ ಆಗಲಿಲ್ಲ, ಹಾಳಿ ತಗದು ಸುಮ್ನ ಗೆರಿ ತಿದ್ದಾಕತ್ತಿದೆ. ಅಜ್ಜಿ ವರ್ತುಳದ ಬಾಜೂಕಿನ "ಹೃದಯ" ಅಳಿಸಿ, ಒಳಗ ಕರಿ ತುಂಬಿದೆ.

ಮಾಸ್ತರ್ ಮಗಳ ಕಡಿ ನೋಡಿದ್ರು. "ಹಂಗಾದ್ರ ಇದನ್ನ ನಿನಗ ಕೊಟ್ಟಾಂವ ನಾನ."

"ಅಪ್ಪಾ, ನೀ ಕೊಟ್ಟಿದ್ದು ಇದೊಂದನ ಏನು? ಅಕ್ಷರಾನೂ ನೀನ ಕೊಟ್ಟಿ. ಅದರ ಮ್ಯಾಲೇನ ಉಂಡಕೊಂಡು ಅದೇನಿ" ಅಂದ್ಲು ಟೀಚರ್, ಚಾ ಮುಂದ ಇಟ್ಲು.

ಅತ್ತಿ ಮೂಗು ಒರಸ್ಕೊಂಡು, "ಇನ್ನ ಮ್ಯಾಲರೆ ಆ ಇಸಿಜಿ ಬಿಟ್ಟು ಎರಡು ಭಜಿ ತಿನ್ನೋ" ಅಂದ್ಲು. ಅಳೂ ಮನಿಯಾಗ ನಗು ಬಂತು. ಮಾಸ್ತರ್ ಅಂಗಿ ತೋಳು ಏರಿಸಿ ನನ್ನ ಮುಂದ ಕೈ ಚಾಚಿದ್ರು, "ತಗೋರಿ ನನ್ನದೂ ರಕ್ತ. ಈ ಸಲ ಸರಿಯಾದ್ದು ನೋಡ್ರಿ."

ಎಷ್ಟೋ ಮಳಿಗಾಲ ಹೋದ್ವು. ಅಧ್ಯಯನ ಮುಗೀತು. ಸೋಡಾ ಅಂಗಡಿ ಇದ್ದಲ್ಲಿ ಈಗ ಮೊಬೈಲ್ ಅಂಗಡಿ ಐತಿ. ಅತ್ತಿ ನಿದ್ದಿಯಾಗ ಹೋದ್ಲು, ಸುಖದ ಸಾವು. ಟೀಚರ್ ಈಗೂ ತಪಾಸಣಿಗೆ ಬರ್ತಾಳ, ಮಗಳ ಬಿ.ಎಡ್. ಮುಗದು ಮಗಳೂ ಕಲಸಾಕ ಹೋಗ್ತಾಳ. ಎಲ್ಲಾರೂ ಹಿಂಗ ಉಳೀಲಿಲ್ಲ, ನಾ ರಕ್ತ ತಂದವರೊಳಗ ಭಾಳ ಮಂದಿ ಹೋದ್ರು. ಗುಳಿಗಿ ಎಲ್ಲಾರಿಗೂ ಹತ್ತೂದಿಲ್ಲ.

ಅತ್ತಿ ಹೋಗೂಕಿಂತ ಮೊದಲ ಟೀಚರ್ ಉಡಿಯೊಳಗ ಗುಳೇದಗುಡ್ಡದ ಒಂದು ಖಣ ಹಾಕಿದ್ಲಂತ. ನನಗೂ ಒಂದು ಕಳಿಸಿದ್ಲು. ಟೀಚರ್ ಆಪರೇಶನ್ ಆದಾಗಿಂದ ಸಡಲ ಚೂಡಿದಾರನ ಹಾಕ್ಕೋತಿದ್ಲು, ಮೈಗೆ ಹತ್ತೂ ಕುಬಸ ತೊಟ್ಟಿದ್ದಿಲ್ಲ. ಹೋದ ವರ್ಷ ಆ ಖಣ ತಂದು ನನ್ನ ಕೈಯಾಗಿಟ್ಟು, "ಅಬ್ಬಾರು ಹೊಲೀತಾರೇನ್ರಿ?" ಅಂದ್ಲು. ಅಬ್ಬಾಗ ಈಗ ಕಣ್ಣು ಮಂಜು. ಆದ್ರೂ ಒಂದೂ ಪ್ರಶ್ನಿ ಕೇಳಲಿಲ್ಲ. ಎರಡೂ ಕಡಿ ಒಂದ ಅಳತಿಗೆ ಕತ್ತರಿಸಿ, ಬರಿದಾದ ಕಡಿ ಒಳಗ ಮೆತ್ತನ ಹತ್ತಿ ಮಡಚಿ ಹೊಲದು ಕೊಟ್ಟ.

ಇಳಕಲ್‌ಗೆ ನಾನ ಒಯ್ದು ಕೊಟ್ಟೆ, ಬಸ್ಸಿನ್ಯಾಗ, ಕಿಡಕಿ ಸೀಟಿನ್ಯಾಗ ಕುಂತು. ಟೀಚರ್ ಒಳಗ ಹೋಗಿ, ಇಳಕಲ್ ಸೀರಿ ಉಟ್ಟು, ಕುಬಸ ತೊಟ್ಟು ಹೊರಗ ಬಂದ್ಲು. ಮಾಸ್ತರ್ ಭಜಿ ತಿನ್ನಕೋತ ಕುಂತಿದ್ರು. ಕೈಯಾಗಿನದು ಕೈಯಾಗ ಉಳೀತು. ಮಗಳನ್ನ ನೋಡೇ ನೋಡಿದ್ರು.

"ನಮ್ಮವ್ವ ಹಿಂಗ ಕಾಣ್ತಿದ್ಲು" ಅಂದ್ರು, "ಆರಾಮ ಇದ್ದಾಗ."